ಕಸದ ಎಣ್ಣೆಗೆ ಬಗ್ಗದ ಕಳೆ: ಮಳೆಯಾಶ್ರಿತ ಸೋಯಾ–ಕಡಲೆ ಹೊಲಕ್ಕೆ ಹಂತ ಹಂತದ ಮಾರ್ಗದರ್ಶಿ

ಜುಲೈ ಬಂತೆಂದರೆ ಅದೇ ದೂರು. ಸೋಯಾ ಬಿತ್ತಿ ಇಪ್ಪತ್ತು ದಿನಕ್ಕೆ ಕಸದ ಎಣ್ಣೆ, ಅಂದರೆ ಕಳೆನಾಶಕ, ಹೊಡೆದದ್ದಾಯಿತು, ಅರ್ಧ ಕಸ ಸತ್ತಿತು, ಉಳಿದರ್ಧ ಹಸಿರಾಗಿ ನಿಂತಿದೆ. ಅಂಗಡಿಗೆ ಹೋದರೆ ಬೇರೆ ಡಬ್ಬಿ ಕೊಡುತ್ತಾರೆ. ಅದಕ್ಕೂ ಸಾಯದಿದ್ದರೆ ಮುಂದಿನ ಸಲ ಒಂದೂವರೆ ಪಟ್ಟು ಹಾಕುತ್ತೇವೆ. ಬೆಳಗಾವಿ, ಧಾರವಾಡ, ಬೀದರ್ ಕಡೆಯ ಎರೆ ಹೊಲಗಳಲ್ಲಿ ಮುಂಗಾರಿಗೆ ಸೋಯಾ, ಹಿಂಗಾರಿಗೆ ಕಡಲೆ ಹಾಕುವವರನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದ್ದೇನೆ. ಮೆಕ್ಕೆಜೋಳ, ತೊಗರಿ, ಶೇಂಗಾ ಬೆಳೆಯುವವರಿಗೂ ಹಂತಗಳು ಇವೇ, ಔಷಧಿ ಮಾತ್ರ ಬೇರೆ.

ಔಷಧಿ ಕುಡಿದು ಕುಡಿದು ಕಳೆ ಗಟ್ಟಿಯಾಯಿತು ಎಂದು ಹೆಚ್ಚಿನವರು ತಿಳಿದಿದ್ದಾರೆ. ಆಗುವುದು ಬೇರೆ. ಲಕ್ಷಗಟ್ಟಲೆ ಗಿಡಗಳಲ್ಲಿ ಆ ಔಷಧಿಗೆ ಸಾಯದ ಒಂದೆರಡು ಗಿಡ ಮೊದಲೇ ಇರುತ್ತವೆ. ನಾವು ಹೊಡೆದಾಗ ಉಳಿದವೆಲ್ಲ ಸತ್ತು ಅವಕ್ಕೆ ಜಾಗ ಖಾಲಿಯಾಗುತ್ತದೆ, ಅವು ಬೀಜ ಕಟ್ಟುತ್ತವೆ. ವರ್ಷವೂ ಅದೇ ಔಷಧಿ ಬಿದ್ದರೆ ನಾಲ್ಕೈದು ಹಂಗಾಮಿನಲ್ಲಿ ಹೊಲವೆಲ್ಲ ಅವುಗಳ ಮಕ್ಕಳೇ. ಕಳೆಗೆ ನಿರೋಧಕ ಶಕ್ತಿ ಬಂತು ಎನ್ನುವುದು ಇದಕ್ಕೇ. ಹಾಗಾಗಿ ಸಿಂಪಡಣೆಯ ಮೇಲೆ ಇರುವಷ್ಟೇ ಗಮನ, ಅದಕ್ಕಿಂತ ಹೆಚ್ಚೇ ಅನ್ನಿ, ಸಿಂಪಡಣೆಯಲ್ಲಿ ಉಳಿದ ಗಿಡದ ಬೀಜದ ಮೇಲೆ ಇರಬೇಕು.

## ಏನೇನು ಬೇಕು

ಕಸದ ಎಣ್ಣೆಗೆಂದೇ ಮೀಸಲಾದ ಒಂದು ಪಂಪು, ಚಪ್ಪಟೆ ಬೀಸಣಿಗೆಯಂತೆ ನೀರು ಹರಡುವ ನಾಜಲ್, ಅಳತೆಗೆ ಸೂಜಿ ತೆಗೆದ ದೊಡ್ಡ ಸಿರಿಂಜು, ಅಳತೆ ಟೇಪು, ಗೂಟ, ಹಗ್ಗ. ಜೊತೆಗೆ ಕುಂಟೆ, ಎಡೆಕುಂಟೆ, ಕುರ್ಚಿಗಿ, ಖಾಲಿ ಗೊಬ್ಬರದ ಚೀಲ, ಒಂದು ನೋಟುಬುಕ್ಕು. ಎತ್ತು ಇಲ್ಲದವರಿಗೆ ಸೈಕಲ್ ಎಡೆಕುಂಟೆ ಸಾಕು. ಸಣ್ಣ ಟ್ರ್ಯಾಕ್ಟರ್, ಪವರ್ ವೀಡರ್ ಬಾಡಿಗೆಗೆ ಬೇಕಿದ್ದರೆ ಹತ್ತಿರದ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ವಿಚಾರಿಸಿ.

ಪಂಪು ಮೀಸಲಿಡಿ ಎನ್ನುವುದಕ್ಕೆ ಕಾರಣವಿದೆ. ಅಗಲ ಎಲೆಯ ಕಸ ಕೊಲ್ಲುವ 2,4-ಡಿ ಹೊಡೆದ ಪಂಪಿನಲ್ಲಿ ಹತ್ತಿಗೆ ಕೀಟನಾಶಕ ಹೊಡೆದರೆ, ತೊಳೆದಿದ್ದೇನೆ ಅಂದುಕೊಂಡ ಪಂಪೇ ಹತ್ತಿಯ ಎಲೆಯನ್ನು ಮುದುಡಿಸಿಬಿಡುತ್ತದೆ. ದ್ರಾಕ್ಷಿ, ತೊಗರಿಗೂ ಇದೇ ಪಾಡು.

## ಹಂತ 1: ಸಾಯದ ಕಸವೆಲ್ಲ ನಿರೋಧಕವಲ್ಲ, ಮೊದಲು ಹೊಲ ನೋಡಿ

ಸಿಂಪಡಿಸಿದ ಎರಡು ಮೂರು ವಾರದ ನಂತರ ಹೊಲದಲ್ಲಿ ನಿಧಾನಕ್ಕೆ ಒಂದು ಸುತ್ತು ಹಾಕಿ. ಉಳಿದ ಕಳೆ ಯಾವ ಆಕಾರದಲ್ಲಿ ನಿಂತಿದೆ ನೋಡಿ. ಉದ್ದಕ್ಕೆ ಪಟ್ಟಿ ಹೊಡೆದಂತೆ ನಿಂತಿದ್ದರೆ ನಾಜಲ್ ಕಟ್ಟಿತ್ತು ಅಥವಾ ಸಾಲು ಬಿಟ್ಟಿತ್ತು ಎಂದರ್ಥ. ಬದುವಿನ ಅಂಚಿಗೆ, ತಿರುವಿನಲ್ಲಿ ಮಾತ್ರ ಉಳಿದಿದ್ದರೂ ಅಷ್ಟೇ. ಎಲ್ಲ ಜಾತಿಯ ಕಸವೂ ಅರೆಬರೆ ಸತ್ತಿದ್ದರೆ ಡೋಸ್, ನೀರು, ಹದ ಇವುಗಳಲ್ಲಿ ಏನೋ ತಪ್ಪಿದೆ.

ಅನುಮಾನ ಪಡಬೇಕಾದದ್ದು ಇಂಥ ಚಿತ್ರಕ್ಕೆ: ಬೇರೆ ಕಸವೆಲ್ಲ ಸತ್ತಿದೆ, ಒಂದೇ ಜಾತಿ ಉಳಿದಿದೆ. ಆ ಜಾತಿಯಲ್ಲೂ ಸತ್ತ ಗಿಡದ ಪಕ್ಕದಲ್ಲೇ ಅಷ್ಟೇ ಎತ್ತರದ ಗಿಡ ಹಸಿರಾಗಿದೆ. ಅದು ಹೊಲದಲ್ಲಿ ಅಲ್ಲಲ್ಲಿ ದುಂಡಗೆ ತೇಪೆ ಹಾಕಿದಂತೆ ಇದೆ, ಕಳೆದ ವರ್ಷವೂ ಅಲ್ಲೇ ಇತ್ತು, ಈ ವರ್ಷ ತೇಪೆ ದೊಡ್ಡದಾಗಿದೆ. ಇಷ್ಟು ಸೇರಿದರೆ ಮುಂದಿನ ಹಂತಕ್ಕೆ ಹೋಗಿ.

ಅದಕ್ಕೂ ಮೊದಲು ಮೂರು ಸುಳ್ಳು ಎಚ್ಚರಿಕೆಗಳನ್ನು ಬದಿಗಿಡಬೇಕು.

ಹುಲ್ಲಿಗೆ ಹೊಡೆಯುವ ಕ್ವಿಜಾಲೊಫಾಪ್‌ನಂಥವು ನಿಧಾನದ ಔಷಧಿ. ವಾರ ಕಳೆದರೂ ಹುಲ್ಲು ಹಸಿರಾಗೇ ಕಾಣುತ್ತದೆ. ಆಗ ಹುಲ್ಲಿನ ನಡುಸುಳಿ ಹಿಡಿದು ಮೆಲ್ಲಗೆ ಜಗ್ಗಿ. ಸುಳಿ ಸಲೀಸಾಗಿ ಕಿತ್ತು ಬಂದು, ಬುಡ ಕಂದುಬಣ್ಣಕ್ಕೆ ತಿರುಗಿ ಕೊಳೆತಿದ್ದರೆ ಔಷಧಿ ಹಿಡಿದಿದೆ, ತಾಳ್ಮೆಯಿಂದ ಬಿಡಿ. ಸುಳಿ ಬಿಗಿಯಾಗಿದ್ದು ಬುಡ ಬೆಳ್ಳಗಿದ್ದರೆ ಔಷಧಿ ಹಿಡಿದಿಲ್ಲ.

ಜೇಕು ಹುಲ್ಲಿನಂತೆ ಕಂಡರೂ ಹುಲ್ಲಿನ ಜಾತಿಯಲ್ಲ. ಕಾಂಡ ಬೆರಳಲ್ಲಿ ಹೊರಳಿಸಿದರೆ ಮೂರು ಮೂಲೆ ಸಿಗುತ್ತದೆ. ಹುಲ್ಲಿನ ಔಷಧಿಗೆ ಅದು ಸಾಯುವುದೇ ಇಲ್ಲ, ಎಂದೂ ಸತ್ತಿಲ್ಲ. ಹಾಗೇ ಹಿತ್ತಗಣಿ, ಅಂದರೆ ಕನ್ನೆ ಸೊಪ್ಪು, ಗ್ಲೈಫೊಸೇಟ್‌ಗೆ ಹುಟ್ಟಿನಿಂದಲೇ ಅಷ್ಟಾಗಿ ಬಗ್ಗದ ಗಿಡ. ಇವು ಔಷಧಿಯ ಆಯ್ಕೆ ತಪ್ಪಾದ ಪ್ರಕರಣಗಳು.

ಇನ್ನು ಗಿಡದ ವಯಸ್ಸು. ಎರಡರಿಂದ ನಾಲ್ಕು ಎಲೆಯಲ್ಲಿ ಸಾಯುವ ಕಳೆ, ಗೇಣುದ್ದವಾದ ಮೇಲೆ ಅದೇ ಡೋಸಿಗೆ ಬಾಡಿ ಮತ್ತೆ ಚಿಗುರುತ್ತದೆ. ಮಳೆ ಕೈಕೊಟ್ಟು, ಎಲೆಯ ಮೇಲೆ ದೂಳು ಕೂತು, ಗಿಡ ಬಾಡಿದ್ದಾಗ ಹೊಡೆದರೂ ಔಷಧಿ ಒಳಗಿಳಿಯುವುದಿಲ್ಲ. ಒಣಬೇಸಾಯದಲ್ಲಿ ಸೋಲಿಗೆ ಇದೇ ದೊಡ್ಡ ಕಾರಣ ಎಂದು ನನ್ನ ಅಭಿಪ್ರಾಯ.

## ಹಂತ 2: ಕುಂಡದಲ್ಲಿ ಪರೀಕ್ಷೆ ಮಾಡಿ

ಅನುಮಾನದ ತೇಪೆಯಲ್ಲಿ ಉಳಿದ ಗಿಡಗಳಿಂದ ಬಲಿತ ಬೀಜ ಸ್ವಲ್ಪ ತೆಗೆದಿಡಿ. ಅದೇ ಜಾತಿಯ ಬೀಜವನ್ನು ಎಂದೂ ಎಣ್ಣೆ ಕಾಣದ ಜಾಗದಿಂದಲೂ ತನ್ನಿ. ಗುಡಿಯ ಹಿತ್ತಲು, ಶಾಲೆಯ ಬಯಲು ನಡೆಯುತ್ತದೆ. ಎರಡನ್ನೂ ಬೇರೆ ಬೇರೆ ಪೊಟ್ಟಣದಲ್ಲಿ ನೆರಳಿಗೆ ಒಣಗಿಸಿ.

ತೂತು ಕೊರೆದ ಪ್ಲಾಸ್ಟಿಕ್ ಲೋಟಗಳಲ್ಲಿ ಕಸವಿಲ್ಲದ ಮಣ್ಣು ತುಂಬಿ ಬೀಜ ಉದುರಿಸಿ. ಕಳೆ ಬೀಜ ಒಮ್ಮೆಗೇ ಹುಟ್ಟುವುದಿಲ್ಲ, ಆದ್ದರಿಂದ ಧಾರಾಳವಾಗಿ ಹಾಕಿ ಆಮೇಲೆ ಲೋಟಕ್ಕೆ ನಾಲ್ಕೈದು ಸಸಿ ಉಳಿಸಿಕೊಳ್ಳಿ. ಸಸಿಗೆ ಮೂರು ಎಲೆ ಬಂದಾಗ ಎರಡೂ ಕಡೆಯ ಲೋಟಗಳನ್ನು ಮೂರು ಪಾಲು ಮಾಡಿ: ಒಂದಕ್ಕೆ ಬರೀ ನೀರು, ಒಂದಕ್ಕೆ ಲೇಬಲ್ ಡೋಸ್, ಇನ್ನೊಂದಕ್ಕೆ ಅದರ ಎರಡರಷ್ಟು. ಸೋಯಾಕ್ಕೆ ಹೊಡೆಯುವ ಇಮಾಜೆಥಾಪಿರ್ 10% ಎಸ್‌ಎಲ್ (ನೀರಿನಲ್ಲಿ ಕರಗುವ ದ್ರವ) ಆದರೆ ಎಕರೆಗೆ 400 ಮಿ.ಲೀ., 200 ಲೀಟರ್ ನೀರು. ಅಂದರೆ ಲೀಟರಿಗೆ 2 ಮಿ.ಲೀ., ಎರಡರಷ್ಟಕ್ಕೆ 4. ಲೋಟಗಳನ್ನು ನೆಲದ ಮೇಲೆ ಸಾಲಾಗಿಟ್ಟು, ಹೊಲದಲ್ಲಿ ನಡೆಯುವ ವೇಗದಲ್ಲೇ ಒಂದು ಸಲ ಹೊಡೆದು ಹೋಗಿ. ಲೋಟದ ಮುಂದೆ ನಿಂತು ತೊಯ್ಯಿಸಬೇಡಿ. ದುಪ್ಪಟ್ಟು ಡೋಸ್ ಈ ಲೋಟಗಳಿಗೆ ಮಾತ್ರ, ಹೊಲಕ್ಕೆಂದೂ ಬೇಡ.

21 ದಿನದ ನಂತರ ನೋಡಿ. ಗುಡಿ ಹಿತ್ತಲಿನದು ಲೇಬಲ್ ಡೋಸಿಗೆ ಸತ್ತು ನಿಮ್ಮ ಹೊಲದ್ದು ಬದುಕಿದ್ದರೆ ನಿರೋಧಕ ಶಕ್ತಿ ಬಂದಿದೆ ಎಂದು ನಂಬಿ ಮುಂದುವರಿಯಬಹುದು. ಎರಡೂ ಸತ್ತರೆ ಔಷಧಿ ಸರಿಯಿದೆ, ಹೊಲದಲ್ಲಿ ಹೊಡೆದ ರೀತಿ ತಪ್ಪು. ಎರಡೂ ಬದುಕಿದರೆ ಡಬ್ಬಿಯೇ ನಕಲಿ ಅಥವಾ ಹಳತು, ಇಲ್ಲವೇ ಆ ಕಳೆಗೆ ಆ ಔಷಧಿ ನಡೆಯುವುದೇ ಇಲ್ಲ. ಖಚಿತ ಪರೀಕ್ಷೆ ಬೇಕೆಂದರೆ ಇದೇ ಬೀಜದ ಪೊಟ್ಟಣ ಹಿಡಿದು ಕೃಷಿ ವಿಜ್ಞಾನ ಕೇಂದ್ರಕ್ಕೋ ಕೃಷಿ ವಿಶ್ವವಿದ್ಯಾಲಯದ ಬೇಸಾಯಶಾಸ್ತ್ರ ವಿಭಾಗಕ್ಕೋ ಹೋಗಿ. ಬರಿಗೈಲಿ ಹೋಗಿ ಬಾಯಿಮಾತಲ್ಲಿ ಹೇಳಿದರೆ ಅವರೂ ಬಾಯಿಮಾತಲ್ಲೇ ಉತ್ತರ ಕೊಡಬೇಕಾಗುತ್ತದೆ.

## ಹಂತ 3: ಹೆಸರು ಬಿಡಿ, ಗುಂಪು ಬರೆದಿಡಿ

ಡಬ್ಬಿಯ ಮೇಲೆ ದೊಡ್ಡದಾಗಿ ಇರುವುದು ಕಂಪನಿ ಇಟ್ಟ ಹೆಸರು. ಕೆಳಗೆ ಸಣ್ಣಕ್ಷರದಲ್ಲಿ ಇರುವುದು ಔಷಧಿ. ಕಳೆನಾಶಕಗಳನ್ನು ಅವು ಗಿಡವನ್ನು ಕೊಲ್ಲುವ ರೀತಿಯ ಮೇಲೆ ಗುಂಪು ಮಾಡಿ ಸಂಖ್ಯೆ ಕೊಟ್ಟಿದ್ದಾರೆ. ಒಂದು ಗುಂಪಿನ ಒಂದು ಔಷಧಿಗೆ ಬಗ್ಗದ ಕಳೆ ಅದೇ ಗುಂಪಿನ ಬೇರೆಯವಕ್ಕೂ ಬಗ್ಗದಿರುವ ಸಂಭವ ಹೆಚ್ಚು. ನಮಗೆ ಬೇಕಾದವು ಇಷ್ಟು:

- ಗುಂಪು 1: ಕ್ವಿಜಾಲೊಫಾಪ್, ಪ್ರೊಪಾಕ್ವಿಜಾಫಾಪ್, ಫ್ಲುಅಜಿಫಾಪ್, ಕ್ಲೊಡಿನಾಫಾಪ್ (ಹುಲ್ಲಿಗೆ ಮಾತ್ರ)
- ಗುಂಪು 2: ಇಮಾಜೆಥಾಪಿರ್, ಇಮಾಜಾಮಾಕ್ಸ್, ಕ್ಲೋರಿಮುರಾನ್, ಡೈಕ್ಲೊಸುಲಾಮ್
- ಗುಂಪು 3: ಪೆಂಡಿಮೆಥಾಲಿನ್
- ಗುಂಪು 4: 2,4-ಡಿ
- ಗುಂಪು 5: ಅಟ್ರಜಿನ್, ಮೆಟ್ರಿಬುಜಿನ್
- ಗುಂಪು 9: ಗ್ಲೈಫೊಸೇಟ್
- ಗುಂಪು 14: ಫೊಮೆಸಾಫೆನ್, ಅಸಿಫ್ಲೋರ್ಫೆನ್, ಸಲ್ಫೆಂಟ್ರಜೋನ್

ಈಗ ಹಿಂದಿನ ನಾಲ್ಕೈದು ವರ್ಷದ ಬಿಲ್ಲು ತೆಗೆದು ನೋಟುಬುಕ್ಕಿನಲ್ಲಿ ಪ್ರತಿ ಹಂಗಾಮಿಗೆ ಗುಂಪಿನ ಸಂಖ್ಯೆ ಬರೆಯಿರಿ. ಹೆಚ್ಚಿನವರ ಪುಟದಲ್ಲಿ 2, 2, 2 ಎಂದೇ ಇರುತ್ತದೆ, ಡಬ್ಬಿಯ ಬಣ್ಣ ಮಾತ್ರ ಬದಲಾಗಿರುತ್ತದೆ.

ಮಿಶ್ರಣದ ಡಬ್ಬಿಗಳಲ್ಲಿ ಮೋಸ ಹೋಗುವುದು ಇನ್ನೂ ಸುಲಭ. ಇಮಾಜೆಥಾಪಿರ್ ಮತ್ತು ಇಮಾಜಾಮಾಕ್ಸ್ ಬೆರೆತ ಪುಡಿ ಬರುತ್ತದೆ. ಎರಡು ಹೆಸರಿದ್ದರೂ ಎರಡೂ ಗುಂಪು 2. ಪ್ರೊಪಾಕ್ವಿಜಾಫಾಪ್ ಜೊತೆ ಇಮಾಜೆಥಾಪಿರ್ ಇರುವುದು 1 ಮತ್ತು 2. ಆದರೆ ನಿಮ್ಮ ತೊಂದರೆ ಅಗಲ ಎಲೆಯ ಕೀರೆಯಾಗಿದ್ದು, ಅದು ಗುಂಪು 2ಕ್ಕೆ ಬಗ್ಗದಿದ್ದರೆ, ಗುಂಪು 1 ಹುಲ್ಲಿಗಷ್ಟೇ ಆದ್ದರಿಂದ ಕೀರೆಯ ಪಾಲಿಗೆ ಆ ಡಬ್ಬಿಯಲ್ಲಿ ಏನೂ ಇಲ್ಲ. ಮಿಶ್ರಣ ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ: ಇದರಲ್ಲಿರುವ ಎರಡೂ ನನ್ನ ಆ ಒಂದು ಕಳೆಯನ್ನು ಬೇರೆ ಬೇರೆಯಾಗಿ ಕೊಲ್ಲಬಲ್ಲವೇ? ಫ್ಲುಅಜಿಫಾಪ್–ಫೊಮೆಸಾಫೆನ್ ಅಥವಾ ಕ್ಲೊಡಿನಾಫಾಪ್–ಅಸಿಫ್ಲೋರ್ಫೆನ್ ಮಿಶ್ರಣದಲ್ಲಿ ಕೀರೆಗೆ ಗುಂಪು 14ರ ಹೊಸ ಹೊಡೆತ ಸಿಗುತ್ತದೆ.

ಹಾಗಂತ ಡಬ್ಬಿ ಬದಲಿಸುವುದರಿಂದಲೇ ಎಲ್ಲ ಮುಗಿಯುವುದಿಲ್ಲ. ಪಂಜಾಬ್, ಹರಿಯಾಣದ ಗೋಧಿ ಹೊಲಗಳಲ್ಲಿ 1990ರ ದಶಕದ ಆರಂಭದಲ್ಲಿ ಗುಲ್ಲಿಡಂಡಾ ಹುಲ್ಲು ಐಸೊಪ್ರೊಟುರಾನ್‌ಗೆ ಬಗ್ಗದಾಯಿತು. ಬದಲಿಗೆ ಬಂದ ಕ್ಲೊಡಿನಾಫಾಪ್, ಸಲ್ಫೊಸಲ್ಫುರಾನ್‌ಗಳಿಗೂ ಮುಂದೆ ಅದೇ ಗತಿಯಾಯಿತು.

## ಹಂತ 4: ಈ ವರ್ಷ ಉಳಿದ ಗಿಡ ಬೀಜ ಕಟ್ಟಬಾರದು

ಎಲ್ಲರೂ ಬಿಡುವ ಹಂತ ಇದು. ಬೆಳೆ ಮುಚ್ಚಿಕೊಂಡಿದೆ, ಇನ್ನೇನು ಇಳುವರಿಗೆ ತೊಂದರೆಯಿಲ್ಲ ಎಂದು ಕೈಬಿಡುತ್ತೇವೆ. ನಿಜ, ಸೋಯಾಕ್ಕೆ ಕಳೆಯ ಕಾಟ ತಟ್ಟುವುದು ಮೊದಲ 30–45 ದಿನ. ಆದರೆ ಈಗಿನ ಕೆಲಸ ಮುಂದಿನ ವರ್ಷದ್ದು. ಕಾಂಗ್ರೆಸ್ ಕಸದ ಒಂದೇ ಗಿಡ 15ರಿಂದ 25 ಸಾವಿರ ಬೀಜ ಬಿಡುತ್ತದೆ, ಕೀರೆ ಅದನ್ನೂ ಮೀರಿಸುತ್ತದೆ.

ತೇಪೆಗಳಿಗೆ ಉದ್ದನೆಯ ಗೂಟ ನೆಟ್ಟು ಗುರುತು ಮಾಡಿ. ಮಳೆ ಬಂದು ನೆಲ ಮೆತ್ತಗಿದ್ದಾಗ, ಹೂಬಿಡುವ ಮೊದಲೇ ಬೇರು ಸಮೇತ ಕೀಳಿ. ಹಿತ್ತಗಣಿಯನ್ನು ಕೀಳುವಾಗ ಬುಡದ ಮಣ್ಣು ಸೇರಿಸಿ ಎತ್ತಬೇಕು. ಅದು ನೆಲದೊಳಗೂ ಹೂಬಿಟ್ಟು ಬೀಜ ಕಟ್ಟುವ ಗಿಡ, ಮೇಲಿನ ಬಳ್ಳಿ ಹರಿದುಕೊಂಡರೆ ಅರ್ಧ ಕೆಲಸವೂ ಆಗಲಿಲ್ಲ. ಕಿತ್ತದ್ದನ್ನು ಹಸಿ ನೆಲದ ಮೇಲೆ ಎಸೆದರೆ ಗೆಣ್ಣುಗಳಲ್ಲಿ ಬೇರು ಬಿಟ್ಟು ಮತ್ತೆ ನಿಲ್ಲುತ್ತದೆ. ಹೂವು, ಕಾಯಿ ಬಂದಿದ್ದರೆ ಬದುವಿನ ಮೇಲೆ ಹಾಕದೆ ಚೀಲಕ್ಕೆ ತುಂಬಿ ಹೊರಗೆ ಒಯ್ದು ಒಣಗಿಸಿ ಸುಡಿ. ಕಾಂಗ್ರೆಸ್ ಕಸಕ್ಕೆ ಕೈಗವಸು, ಮುಖಕ್ಕೆ ಬಟ್ಟೆ ಕಡ್ಡಾಯ. ಅದರ ಅಲರ್ಜಿ ಒಮ್ಮೆ ಹತ್ತಿದರೆ ಬಿಡುವುದಿಲ್ಲ.

ತೇಪೆ ತೀರಾ ದೊಡ್ಡದಾಗಿ ಆಳು ಸಾಲದಿದ್ದರೆ ಅಷ್ಟು ಜಾಗದ ಬೆಳೆಯನ್ನೂ ಸೇರಿಸಿ ಹಸಿರಿದ್ದಾಗಲೇ ಕೊಯ್ದು ದನಕ್ಕೆ ಹಾಕಿ, ಆದರೆ ಕಾಂಗ್ರೆಸ್ ಕಸವಿದ್ದ ಜಾಗದ್ದನ್ನು ಹಾಕಬೇಡಿ. ಔಷಧಿ ಹೊಡೆದ ಹೊಲವಾದರೆ ಮೇವಿಗೆ ಎಷ್ಟು ದಿನ ಕಾಯಬೇಕು ಎಂದು ಲೇಬಲ್‌ನಲ್ಲಿ ನೋಡಿಕೊಳ್ಳಿ. ನಾಲ್ಕು ಗುಂಟೆ ಸೋಯಾ ಹೋಯಿತೆಂದು ಮನಸ್ಸು ಒಪ್ಪುವುದಿಲ್ಲ, ಗೊತ್ತು. ನಾಲ್ಕು ಎಕರೆಗೆ ಹರಡುವುದಕ್ಕಿಂತ ಅಗ್ಗ.

## ಹಂತ 5: ಬಿತ್ತುವ ಮೊದಲು ಹುಟ್ಟಿಸಿ, ಹರಗಿ

ಕೃತ್ತಿಕೆ, ರೋಹಿಣಿ ಮಳೆಗೆ ಹೊಲ ಸಿದ್ಧವಾಗಿರಬೇಕು. ಮಳೆ ಬಿದ್ದು ವಾರ ಹತ್ತು ದಿನಕ್ಕೆ ಕಸ ಹಸಿರಾಗಿ ಎದ್ದಾಗ, ಬಿಸಿಲಿರುವ ದಿನ ನೋಡಿ ಕುಂಟೆ ಹೊಡೆಯಿರಿ. ಎರಡು ಅಂಗುಲಕ್ಕಿಂತ ಆಳ ಬೇಡ. ಮತ್ತೊಂದು ಮಳೆ ಸಿಕ್ಕರೆ ಮತ್ತೊಮ್ಮೆ. ಕಬ್ಬಿಣಕ್ಕೆ ನಿರೋಧಕ ಶಕ್ತಿ ಬೆಳೆಸಿಕೊಂಡ ಕಳೆ ಇಲ್ಲ, ಹಾಗಾಗಿ ಈ ಎರಡು ಹರಗಾಟ ಯಾವ ಡಬ್ಬಿಗಿಂತಲೂ ಹೆಚ್ಚು ಕೆಲಸ ಮಾಡುತ್ತವೆ.

ಇಲ್ಲಿಯ ಸಾಮಾನ್ಯ ತಪ್ಪು ರೋಟಾವೇಟರ್. ಅದು ಆಳದ ಬೀಜವನ್ನು ಮೇಲೆ ತರುತ್ತದೆ, ಕರಿಕೆಯ ಬೇರುಕಾಂಡವನ್ನು ತುಂಡು ಮಾಡಿ ಹೊಲದ ತುಂಬ ನಾಟಿ ಮಾಡಿಕೊಡುತ್ತದೆ. ಜೇಕು, ಕರಿಕೆ ಹೆಚ್ಚಿರುವ ಹೊಲಕ್ಕೆ ಬೇಸಿಗೆಯಲ್ಲಿ ರಂಟೆ ಹೊಡೆದು ಗಡ್ಡೆ, ಬೇರು ಮೇಲೆ ತಂದು ಏಪ್ರಿಲ್ ಬಿಸಿಲಿಗೆ ಬಿಡಿ, ಆರಿಸಿ ತೆಗೆಯಿರಿ. ಕೀರೆಯಂಥ ಸಣ್ಣ ಬೀಜದ ಕಳೆಗೂ ಆಳದ ಉಳುಮೆ ಒಮ್ಮೆ ನಡೆಯುತ್ತದೆ. ಹೂತ ಬೀಜ ಅಷ್ಟು ಆಳದಿಂದ ಏಳುವುದಿಲ್ಲ. ಆದರೆ ಮರುವರ್ಷವೂ ಆಳ ಉತ್ತರೆ ಹೂತದ್ದನ್ನೇ ಮೇಲೆತ್ತಿದಂತಾಗುತ್ತದೆ. ಮೂರು ನಾಲ್ಕು ವರ್ಷಕ್ಕೊಮ್ಮೆ ಸಾಕು.

ಮಳೆ ತಡವಾದ ವರ್ಷ ಕಳೆ ಹುಟ್ಟಲೆಂದು ಕಾಯುತ್ತ ಬಿತ್ತನೆಯ ಹದ ಕಳೆದುಕೊಳ್ಳಬೇಡಿ. ಆ ವರ್ಷ ತೇಪೆಯಿದ್ದ ಭಾಗವನ್ನು ಮಾತ್ರ ಕೊನೆಗೆ ಬಿತ್ತಿ.

## ಹಂತ 6: ಬಿತ್ತನೆ ಮತ್ತು ಮೊಳಕೆಗೆ ಮುಂಚಿನ ಸಿಂಪಡಣೆ

ಸಾಲು ನೆಟ್ಟಗಿರಲಿ, ಎಡೆಕುಂಟೆ ಹೋಗುವಷ್ಟು ಅಂತರವಿರಲಿ, ಸೋಯಾಕ್ಕೆ 30 ಸೆಂ.ಮೀ. ಬೀಜ ಬಿಟ್ಟುಹೋದ ಜಾಗವೆಲ್ಲ ಕಳೆಗೆ ಕೊಟ್ಟ ಜಾಗ, ಆದ್ದರಿಂದ ಮೊಳಕೆ ಪರೀಕ್ಷೆ ಮಾಡಿದ ಬೀಜವನ್ನೇ ಹಾಕಿ. ಮನೆಯ ಬೀಜವಾದರೆ ಜರಡಿ ಹಿಡಿಯಿರಿ.

ಬಿತ್ತಿದ ಒಂದೆರಡು ದಿನದೊಳಗೆ, ನೆಲದಲ್ಲಿ ಹಸಿಯಿರುವಾಗ, ನೀವು ಪ್ರತಿ ವರ್ಷ ಬಳಸದ ಗುಂಪಿನ ಔಷಧಿ ಹೊಡೆಯಿರಿ. ಗುಂಪು 2ರಲ್ಲಿ ತೊಂದರೆಯಿದ್ದರೆ ಪೆಂಡಿಮೆಥಾಲಿನ್ ಅಥವಾ ಸಲ್ಫೆಂಟ್ರಜೋನ್. ಡೈಕ್ಲೊಸುಲಾಮ್ ಕೊಟ್ಟರೆ ತೆಗೆದುಕೊಳ್ಳಬೇಡಿ, ಅದೂ 2. ಹೆಂಟೆ ತುಂಬಿದ ಒಣ ನೆಲಕ್ಕೆ ಹೊಡೆದರೆ ಹಣ ಮಣ್ಣುಪಾಲು. ಹೊಡೆದ ಮೇಲೆ ಎರಡು ವಾರವಾದರೂ ಮೇಲ್ಮಣ್ಣು ಕೆದಕಬೇಡಿ, ಔಷಧಿಯ ಪದರ ಒಡೆಯುತ್ತದೆ.

## ಹಂತ 7: ಪಂಪಿನ ಲೆಕ್ಕ, ಎಡೆ, ಎರಡನೇ ಸಿಂಪಡಣೆ

ಲೆಕ್ಕ ಮೊದಲು. 33 ಅಡಿಗೆ 33 ಅಡಿ ಗೂಟ ಹೊಡೆದು ಹಗ್ಗ ಕಟ್ಟಿ, ಅದು ಒಂದು ಗುಂಟೆ. ಪಂಪಿಗೆ ಅಳೆದು ಬರೀ ನೀರು ತುಂಬಿ, ಎಂದಿನ ನಡಿಗೆಯಲ್ಲಿ ಆ ಗುಂಟೆಗೆ ಹೊಡೆಯಿರಿ. 5 ಲೀಟರ್ ಖರ್ಚಾದರೆ ಎಕರೆಗೆ 200 ಲೀಟರ್ ಆಯಿತು, 16 ಲೀಟರಿನ ಪಂಪಿಗೆ ಹನ್ನೆರಡೂವರೆ ತುಂಬು. ಇಮಾಜೆಥಾಪಿರ್ ಪಂಪಿಗೆ 32 ಮಿ.ಲೀ. ಬರುತ್ತದೆ. ನಿಮ್ಮ ಗುಂಟೆಗೆ 3 ಲೀಟರ್ ಮಾತ್ರ ಹೋದರೆ ಎಕರೆಗೆ ಏಳೂವರೆ ಪಂಪು. ಆಗಲೂ 32 ಮಿ.ಲೀ. ಹಾಕಿದರೆ ಎಕರೆಗೆ ಬಿದ್ದದ್ದು 240 ಮಿ.ಲೀ. ಅಷ್ಟೇ. ಪಂಪಿಗೊಂದು ಮುಚ್ಚಳ ಎಂದು ಹಾಕುವವರು ವರ್ಷಗಟ್ಟಲೆ ಅರೆಡೋಸ್ ಹೊಡೆದಿರುತ್ತಾರೆ. ಅರೆಡೋಸಿಗೆ ಅರೆಬಗ್ಗದ ಗಿಡಗಳೂ ಉಳಿದು, ಒಂದಕ್ಕೊಂದು ಕೂಡಿ, ಪೂರ್ತಿ ಬಗ್ಗದ ತಳಿಯಾಗುತ್ತವೆ.

ಕೃಷಿಹೊಂಡದ ರಾಡಿ ನೀರು ಬೇಡ. ನಾಜಲ್ ಕಟ್ಟುವುದು ಒಂದು ಕಡೆ. ಗ್ಲೈಫೊಸೇಟ್, ಪ್ಯಾರಾಕ್ವಾಟ್‌ನಂಥವು ಮಣ್ಣಿನ ಕಣಕ್ಕೆ ಅಂಟಿ ಸತ್ವ ಕಳೆದುಕೊಳ್ಳುತ್ತವೆ.

ಕಳೆ ಎರಡರಿಂದ ನಾಲ್ಕು ಎಲೆಯಲ್ಲಿದ್ದಾಗ ಎರಡನೇ ಸಿಂಪಡಣೆ, ಸಾಮಾನ್ಯವಾಗಿ ಬಿತ್ತಿದ 15–20 ದಿನಕ್ಕೆ. ಗುಂಪು 14ರ ಔಷಧಿ ಬಿದ್ದಷ್ಟೇ ಜಾಗ ಸುಡುವುದರಿಂದ ಎಲೆ ಚೆನ್ನಾಗಿ ತೊಯ್ಯಬೇಕು. ಸೋಯಾ ಎಲೆಯ ಮೇಲೂ ಕಂದು ಚುಕ್ಕೆ ಬರುತ್ತದೆ, ಹೊಸ ಎಲೆ ಬಂದು ಸರಿಹೋಗುತ್ತದೆ, ಗಾಬರಿಯಾಗಿ ಟಾನಿಕ್ ಹುಡುಕಬೇಡಿ. ಹೊಡೆದ ವಾರದ ನಂತರ, ನೆಲ ಕಾಲಿಗಂಟದ ಹದಕ್ಕೆ ಬಂದಾಗ, ಎಡೆ ಹೊಡೆಯಿರಿ. ಮರುದಿನವೇ ಎಡೆ ಹೊಡೆದರೆ ಒಳಗಿಳಿಯುವ ಔಷಧಿಗೆ ಬೇರು ತಲುಪಲು ಸಮಯ ಸಿಗುವುದಿಲ್ಲ. ಸಾಲಿನೊಳಗೆ ಗಿಡದ ಬುಡದಲ್ಲಿ ಉಳಿದದ್ದಕ್ಕೆ ಕುರ್ಚಿಗಿಯೇ ಗತಿ.

## ಹಂತ 8: ಹಿಂಗಾರಿನಲ್ಲಿ ಸರಪಳಿ ಮುರಿಯಿರಿ

ಕಡಲೆಗೆ ಇಮಾಜೆಥಾಪಿರ್ ಹೊಡೆಯುವ ಆಸೆ ಬೇಡ, ಬೆಳೆಯೇ ಹಳದಿಯಾಗಿ ಕುಗ್ಗುತ್ತದೆ. ಮುಂಗಾರಿಗೆ ಪೆಂಡಿಮೆಥಾಲಿನ್ ಹೊಡೆದವರು ಕಡಲೆಗೂ ಅದನ್ನೇ ಹೊಡೆದರೆ ಗುಂಪು 3 ವರ್ಷಕ್ಕೆ ಎರಡು ಸಲ ಬಿದ್ದಂತಾಯಿತು. ತೇಪೆಯಿರುವ ಹೊಲದಲ್ಲಿ ಒಂದೆರಡು ವರ್ಷ ಕಡಲೆಯ ಬದಲು ಬಿಳಿಜೋಳ ಹಾಕಿ, ಔಷಧಿಯಿಲ್ಲದೆ ಎಡೆಯ ಮೇಲೆ ಸಾಗಿಸಿ. 45 ಸೆಂ.ಮೀ. ಸಾಲಿನಲ್ಲಿ ಎಡೆ ಹೊಡೆದಷ್ಟೂ ಎರೆಯ ಬಿರುಕು ಮುಚ್ಚಿ ಹಸಿ ಉಳಿಯುತ್ತದೆ, ಕಸವೂ ಹೋಗುತ್ತದೆ.

ಮೆಕ್ಕೆಜೋಳದ ಹಿಂದೆ ಕಡಲೆ ಹಾಕುವವರಿಗೆ ಒಂದು ಮಾತು. ಅಟ್ರಜಿನ್ ಹೆಚ್ಚು ಬಿದ್ದು ಮಳೆ ಕಡಿಮೆಯಾದರೆ, ಕ್ಷಾರದ ಎರೆ ನೆಲದಲ್ಲಿ ಅದು ಹಿಂಗಾರಿನವರೆಗೂ ಉಳಿದು ಕಡಲೆಯ ಸಸಿ ಸುಡಬಹುದು. ಹೊಲದ ನಾಲ್ಕು ಕಡೆಯ ಮಣ್ಣು ಡಬ್ಬಿಗೆ ತುಂಬಿ ಹತ್ತು ಕಾಳು ಕಡಲೆ ಹಾಕಿ ಎರಡು ವಾರ ನೋಡಿ ಆಮೇಲೆ ಬಿತ್ತಿ.

## ಹಂತ 9: ಹೊರಗಿನಿಂದ ಬರುವ ಬೀಜ

ಕಟಾವು ಯಂತ್ರ ಊರಿಂದೂರಿಗೆ ಹೋಗುತ್ತದೆ, ಅದರ ಹೊಟ್ಟೆಯಲ್ಲಿ ಹಿಂದಿನ ಹೊಲದ ಕಸದ ಬೀಜ ಇರುತ್ತದೆ. ನಿಮ್ಮ ಹೊಲಕ್ಕೆ ಇಳಿಯುವ ಮೊದಲು ಗಾಳಿ ಹೊಡೆಸಿ ಸ್ವಚ್ಛ ಮಾಡಿಸಿ, ತೇಪೆಯಿರುವ ಭಾಗವನ್ನು ಕೊನೆಗೆ ಕೊಯ್ಯಿಸಿ. ತಿಪ್ಪೆ ಪೂರ್ತಿ ಕಳಿತಿರಲಿ. ಕುರಿ ನಿಲ್ಲಿಸುವುದಿದ್ದರೆ ಹಿಂಡು ಹಿಂದೆ ಎಲ್ಲಿ ಮೇದಿತ್ತು ಎಂದು ಕೇಳಿ, ಗಟ್ಟಿ ಸಿಪ್ಪೆಯ ಬೀಜಗಳು ಹಿಕ್ಕೆಯಲ್ಲಿ ಜೀವಂತ ಬರುತ್ತವೆ. ಬದುವಿನ ಕಸ ಹೂಬಿಡುವ ಮೊದಲು ಕೊಯ್ಯಿರಿ.

## ತಕ್ಷಣ ನಿಲ್ಲಿಸಬೇಕಾದ ಗುರುತುಗಳು

ಡೋಸ್ ಏರಿಸಿದರೆ ಮಾತ್ರ ಕೆಲಸ ಮಾಡುತ್ತಿದೆ ಎನಿಸಿದ ದಿನ ಆ ಗುಂಪನ್ನು ನಿಲ್ಲಿಸಿ. ಹುಲ್ಲಿನ ಔಷಧಿಗೆ 2,4-ಡಿ ಬೆರೆಸಿ ಒಟ್ಟಿಗೆ ಹೊಡೆಯುವವರಿದ್ದಾರೆ. ಸೋಯಾ ಅದರಿಂದ ಸಾಯುತ್ತದೆ, ಹುಲ್ಲಿನ ಮೇಲೂ ಹಿಡಿತ ತಗ್ಗುತ್ತದೆ. ಬೆಳೆಯ ಸಾಲಿನ ನಡುವೆ ಗ್ಲೈಫೊಸೇಟ್ ಹೊಡೆಯುವುದು, ಕಳೆನಾಶಕ ತಡೆಯುತ್ತದೆಂದು ಗುಟ್ಟಾಗಿ ಮಾರುವ ಹತ್ತಿ ಬೀಜ ತರುವುದು ಎರಡೂ ಬೇಡ. ಆ ಹತ್ತಿಗೆ ದೇಶದಲ್ಲಿ ಅನುಮತಿಯಿಲ್ಲ, ಬಿಲ್ಲಿಲ್ಲದ ಬೀಜ ಕೈಕೊಟ್ಟರೆ ದೂರು ಕೊಡಲೂ ದಾರಿಯಿಲ್ಲ. ಪ್ಯಾರಾಕ್ವಾಟ್ ಮನೆಯಲ್ಲಿಡಲೇಬೇಡಿ, ಹೊಟ್ಟೆಗೆ ಹೋದರೆ ಅದಕ್ಕೆ ಪ್ರತ್ಯೌಷಧವಿಲ್ಲ.

ಮೂರನೇ ಮುಂಗಾರಿಗೆ ಗೂಟ ನೆಟ್ಟ ತೇಪೆಗಳನ್ನು ಮತ್ತೆ ಅಳೆಯಿರಿ. ಕುಗ್ಗಿದ್ದರೆ ಹಳೆಯ ಗುಂಪನ್ನು ಆಗಲೇ ವಾಪಸ್ ತರಬೇಡಿ, ಮಣ್ಣಿನಲ್ಲಿ ಅದೇ ಬೀಜ ಇನ್ನೂ ಇದೆ. ಮೊದಲು ಆ ಜಾಗದ ಬೀಜದಿಂದ ಲೋಟದ ಪರೀಕ್ಷೆ ಇನ್ನೊಮ್ಮೆ ಆಗಲಿ.